ಒಂದೇ ಮನೆ, ನಾಲ್ಕು ಲೆಕ್ಕ: ಸಿಂಗಾಪುರದಲ್ಲಿ ನಾವು ಮಾಡಿಸಿದ ಫೆಂಗ್ ಶೂಯಿ ಪರೀಕ್ಷೆ

ಕಳೆದ ವರ್ಷ ದೀಪಾವಳಿ ಆದಮೇಲೆ ಸಿಂಗಾಪುರದ ನಮ್ಮ ಎಚ್‌ಡಿಬಿ (ಸರ್ಕಾರಿ ವಸತಿ ಮಂಡಳಿಯ) ಫ್ಲ್ಯಾಟ್‌ಗೆ ಫೆಂಗ್ ಶೂಯಿ, ಅಂದರೆ ನಮ್ಮ ವಾಸ್ತುವಿನ ಥರದ ಚೀನೀ ಶಾಸ್ತ್ರ, ನೋಡಿಸಿದೆವು. ಈ ಕೆಲಸ ಮಾಡುವವರನ್ನು ಇಲ್ಲಿ ಎಲ್ಲರೂ ಮಾಸ್ಟರ್ ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ಹೊಗಳುವುದು ಎಷ್ಟಿದೆಯೋ ದೂರುವುದೂ ಅಷ್ಟಿದೆ, ಹಾಗಾಗಿ ಅವರ ಹೆಸರು ಹಾಕುತ್ತಿಲ್ಲ. ಕೊಟ್ಟ ದುಡ್ಡು 688 ಡಾಲರ್. ಅದರಲ್ಲಿ ಎರಡು ಗಂಟೆಯ ಭೇಟಿ, ಒಂದು ಪಿಡಿಎಫ್ ವರದಿ, ಆಮೇಲೆ ವಾಟ್ಸ್‌ಆ್ಯಪ್‌ನಲ್ಲಿ ಪ್ರಶ್ನೆ ಕೇಳುವ ಅವಕಾಶ, ಮೂರೂ ಸೇರಿವೆ.

ಇಲ್ಲಿರುವ ನಮ್ಮವರು ಬಹಳ ಜನ ಈ ವಿಷಯ ಕೇಳುತ್ತಿರುತ್ತಾರೆ, ಅದಕ್ಕೇ ವಿವರವಾಗಿ ಬರೆಯುತ್ತಿದ್ದೇನೆ. ಈ ಊರಿನಲ್ಲಿ ಇದು ಯಾರೂ ಗುಟ್ಟಾಗಿ ಮಾಡಿಸುವ ಕೆಲಸ ಅಲ್ಲ. ಸಿಂಗಾಪುರ್ ಫ್ಲೈಯರ್ ಅನ್ನುವ, ಜನ ಕೂತು ಊರು ನೋಡುವ ದೈತ್ಯ ಚಕ್ರ ಶುರುವಾಗಿದ್ದು 2008ರಲ್ಲಿ. ಅದೇ ವರ್ಷ ಆಗಸ್ಟ್‌ನಲ್ಲಿ, ಫೆಂಗ್ ಶೂಯಿ ಬಲ್ಲವರ ಮಾತು ಕೇಳಿ, ಅಷ್ಟು ದೊಡ್ಡ ಚಕ್ರ ತಿರುಗುವ ದಿಕ್ಕನ್ನೇ ಬದಲಿಸಿದರು.

ನಾವು ಈ ಮಾಸ್ಟರನ್ನು ಹುಡುಕಿದ್ದು ಅವರು ಒಂದೇ ಪದ್ಧತಿ ಹಿಡಿದು ಹೇಳುವವರಲ್ಲ ಅನ್ನುವ ಕಾರಣಕ್ಕೆ. ಅವರು ನಾಲ್ಕು ನೋಡುತ್ತಾರೆ. ಮೊದಲನೆಯದು ಆಕಾರ: ಸುತ್ತಲಿನ ಕಟ್ಟಡ, ರಸ್ತೆ, ಗಾಳಿ, ಬೆಳಕು, ಒಳಗಿನ ತೊಲೆ, ಬಾಗಿಲು. ಎರಡನೆಯದು ಹಾರುವ ನಕ್ಷತ್ರ: ಕಟ್ಟಡದ ಕಾಲ ಮತ್ತು ದಿಕ್ಕು ಸೇರಿಸಿ 1ರಿಂದ 9ರವರೆಗಿನ ಸಂಖ್ಯೆಗಳನ್ನು ನಕ್ಷೆಯ ಒಂಬತ್ತು ಚೌಕಗಳಲ್ಲಿ ಕೂರಿಸುವ ಲೆಕ್ಕ. ಮೂರನೆಯದು ಅಷ್ಟ ಭವನ: ಹುಟ್ಟಿದ ವರ್ಷದಿಂದ ಕುವಾ ಅನ್ನುವ ಸಂಖ್ಯೆ ತೆಗೆದು, ನಾಲ್ಕು ದಿಕ್ಕು ಒಳ್ಳೆಯದು, ನಾಲ್ಕು ಕೆಟ್ಟದ್ದು ಅಂತ ಹೇಳುವುದು. ನಾಲ್ಕನೆಯದು ಬಾಝಿ, ಅಂದರೆ ಹುಟ್ಟಿದ ಗಳಿಗೆಯ ಜಾತಕ.

ನಾಲ್ಕು ಪದ್ಧತಿ ಅಂದಾಗ ನನಗೆ ಖುಷಿಯ ಜೊತೆ ಒಂದು ಭಯವೂ ಇತ್ತು. ಮದುವೆಗೆ ಜಾತಕ ಕೂಡಿಸುವಾಗ ನೋಡಿದ್ದೀರಲ್ಲ, ಹುಡುಗಿ ಇಷ್ಟವಾದರೆ ಗಣಕೂಟ ಬಿಟ್ಟು ಬೇರೆ ಏನನ್ನೋ ಹಿಡಿಯುತ್ತಾರೆ, ಇಷ್ಟವಾಗದಿದ್ದರೆ ಅದೇ ಗಣಕೂಟ ದೊಡ್ಡದಾಗುತ್ತದೆ. ಇಲ್ಲೂ ಅಷ್ಟೇ ಆದರೆ ನಾಲ್ಕು ಪದ್ಧತಿ ಇದ್ದಷ್ಟೂ ಬಾಯಿಗೆ ಬಂದಂತೆ ಹೇಳುವುದು ಸುಲಭ. ಅದಕ್ಕೆ ಫೋನಿನಲ್ಲೇ ಕೇಳಿದೆ: ಎರಡು ಪದ್ಧತಿ ಒಂದಕ್ಕೊಂದು ಉಲ್ಟಾ ಹೇಳಿದರೆ ನೀವು ಯಾವುದನ್ನು ಒಪ್ಪುತ್ತೀರಿ?

ಅವರು ಒಂದು ಕ್ಷಣವೂ ತಡವರಿಸಲಿಲ್ಲ. "ಮೊದಲು ಆಕಾರ. ಆಮೇಲೆ ಯಾವ ಕೋಣೆ ಅನ್ನುವುದಕ್ಕೆ ಹಾರುವ ನಕ್ಷತ್ರ. ಕೋಣೆಯೊಳಗೆ ಯಾವ ಕಡೆ ಮುಖ, ಯಾವ ಕಡೆ ತಲೆ ಅನ್ನುವುದಕ್ಕೆ ಅಷ್ಟ ಭವನ. ಬಾಝಿ ಕೊನೆಗೆ. ಮನೆ ನೋಡಿದ ಮೇಲೆ ಈ ಸಾಲು ಬದಲಾಗಲ್ಲ" ಅಂದರು. ಆ ಕೊನೆಯ ವಾಕ್ಯ ಕೇಳಿಯೇ ನಾನು ದುಡ್ಡು ಕಟ್ಟಿದ್ದು. ಇದನ್ನು ಓದುವವರು ಬೇರೆ ಏನು ಮರೆತರೂ ಈ ಪ್ರಶ್ನೆ ಮರೆಯಬೇಡಿ. ಯಾವ ಮಾಸ್ಟರ್ ಆಗಲಿ, ಮನೆಗೆ ಬರುವ ಮೊದಲೇ ಇದಕ್ಕೆ ಉತ್ತರ ಕೊಡಬೇಕು.

ಬರುವ ಮುಂಚೆ ನಮ್ಮಿಂದ ಫ್ಲ್ಯಾಟಿನ ನಕ್ಷೆ, ಬ್ಲಾಕ್ ಕಟ್ಟಿ ಮುಗಿದ ವರ್ಷ, ನಾವು ಸೇರಿದ ತಿಂಗಳು, ಮೂವರ ಹುಟ್ಟಿದ ದಿನ, ಗಳಿಗೆ, ಊರು ಎಲ್ಲ ತರಿಸಿಕೊಂಡರು. ಊರು ಯಾಕೆ ಅಂತ ಮುಂದೆ ಹೇಳುತ್ತೇನೆ.

ಬಂದವರು ಮೊದಲು ಮನೆಯೊಳಗೆ ಕಾಲಿಡಲೇ ಇಲ್ಲ. ಕೆಳಗೆ ನಿಂತು ಬ್ಲಾಕ್‌ಗೆ ಒಂದು ಸುತ್ತು ಹಾಕಿ, ಎದುರಿನ ಎರಡು ಬ್ಲಾಕ್‌ಗಳ ನಡುವಿನ ಕಿರಿದಾದ ಸಂದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮೇಲೆ ಬಂದು ನಮ್ಮ ಹಾಲ್‌ನ ಕಿಟಕಿಯಲ್ಲಿ ನಿಂತು, "ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಗಿನ ಜಾವ ಈ ಕಿಟಕಿಯಿಂದ ಮಳೆ ಒಳಗೆ ಹೊಡೆಯುತ್ತೆ ಅಲ್ವಾ?" ಅಂತ ಕೇಳಿದರು. ನಿಜ. ಆ ತಿಂಗಳುಗಳಲ್ಲಿ ಸುಮಾತ್ರಾ ಕಡೆಯಿಂದ ಬರುವ ಬಿರುಗಾಳಿ ಮಳೆ ಆ ಸಂದಿನಲ್ಲಿ ನುಗ್ಗಿ ನೇರ ನಮ್ಮ ಸೋಫಾಗೆ ಬಡಿಯುತ್ತದೆ. ಎರಡು ಎತ್ತರದ ಕಟ್ಟಡಗಳ ನಡುವಿನ ಇಂಥ ಸಂದನ್ನು ಅವರ ಶಾಸ್ತ್ರದಲ್ಲಿ ದೋಷ ಅಂತಲೇ ಎಣಿಸುತ್ತಾರೆ. ಪರಿಹಾರಕ್ಕೆ ಕನ್ನಡಿ ಕಟ್ಟಿ ಅನ್ನುತ್ತಾರೇನೋ ಅಂದುಕೊಂಡೆ. ದಪ್ಪನೆಯ ಪರದೆ ಹಾಕಿ, ಸೋಫಾವನ್ನು ಪಕ್ಕದ ಗೋಡೆಗೆ ಸರಿಸಿ, ಕಿಟಕಿ ಮುಂದೆ ಎಲೆ ಜಾಸ್ತಿ ಇರುವ ಗಿಡ ಇಡಿ ಅಂದರು, ಅಷ್ಟೇ. ಇಡೀ ಸೇವೆಯಲ್ಲಿ ನನಗೆ ತಕ್ಷಣ ಪ್ರಯೋಜನ ಕಂಡಿದ್ದು ಈ ಆಕಾರದ ಭಾಗದಲ್ಲೇ.

ಇನ್ನು ದಿಕ್ಕು ಅಳೆದದ್ದನ್ನು ಹೇಳಲೇಬೇಕು. ಲುವೊಪಾನ್ ಅನ್ನುವ ಅವರ ದಿಕ್ಸೂಚಿ ಅಂಗೈಗಿಂತ ದೊಡ್ಡದು. ಕೆಂಪು ಚೌಕದ ಮಣೆ, ನಡುವೆ ಉಂಗುರದ ಮೇಲೆ ಉಂಗುರ ಅಕ್ಷರ ಬರೆದ ತಿರುಗುವ ತಟ್ಟೆ, ಅದರ ಮೇಲೆ ಅಡ್ಡ ಉದ್ದ ಎರಡು ಕೆಂಪು ದಾರ. ನಟ್ಟನಡುವಿನ ಪುಟ್ಟ ಗುಂಡಿಯಲ್ಲಿ ಸೂಜಿ. ಸೂಜಿ ಅಡಿಯ ಕೆಂಪು ಗೆರೆಯ ಮೇಲೆ ಸರಿಯಾಗಿ ಕೂರುವವರೆಗೆ ಎರಡು ಹೆಬ್ಬೆರಳಿನಲ್ಲಿ ತಟ್ಟೆ ತಿರುಗಿಸಿ, ಆಮೇಲೆ ದಾರ ಯಾವ ಅಕ್ಷರದ ಮೇಲಿದೆ ಅಂತ ಓದುತ್ತಾರೆ. ವಾಚು, ಬೆಲ್ಟು, ಫೋನು ಎಲ್ಲ ತೆಗೆದು ಊಟದ ಮೇಜಿನ ಮೇಲಿಟ್ಟರು.

ಮುಂಬಾಗಿಲಿನ ಕಬ್ಬಿಣದ ಗೇಟಿನ ಹತ್ತಿರ ನಿಂತು ಅಳೆದಾಗ, ಮನೆ ನೋಡುವ ದಿಕ್ಕು 168 ಡಿಗ್ರಿ ಬಂತು. ಹಾಲ್‌ನ ಕಿಟಕಿಯಿಂದ ಎರಡು ಹೆಜ್ಜೆ ಹಿಂದೆ ನಿಂತಾಗ 176. ಕೆಳಗೆ ಬಯಲಿನಲ್ಲಿ, ಬ್ಲಾಕ್‌ನ ಗೋಡೆಗೆ ಸಮವಾಗಿ ನಿಂತಾಗಲೂ 176. ನನ್ನ ಫೋನ್ ಕಿಟಕಿಯ ಸರಳಿನ ಹತ್ತಿರ 171 ಅನ್ನುತ್ತಿತ್ತು. ಕಬ್ಬಿಣ ಎಳೆದಿದೆ ಅಂತ ಗೇಟಿನ ಲೆಕ್ಕ ಬಿಟ್ಟು 176 ಹಿಡಿದರು.

ಏಳೆಂಟು ಡಿಗ್ರಿಯಲ್ಲಿ ಏನಿದೆ ಅನ್ನಿಸಬಹುದು. ಹಾರುವ ನಕ್ಷತ್ರದಲ್ಲಿ ಎಲ್ಲ ಇರುವುದು ಅಲ್ಲೇ. ಸುತ್ತಿನ 360 ಡಿಗ್ರಿಯನ್ನು 24 ಭಾಗ ಮಾಡುತ್ತಾರೆ, ಒಂದೊಂದು 15 ಡಿಗ್ರಿ. ದಕ್ಷಿಣದ ಮೊದಲ ಭಾಗ 172.5ಕ್ಕೆ ಮುಗಿದು ಎರಡನೆಯದು ಶುರುವಾಗುತ್ತದೆ. ಈ ಗೆರೆ ದಾಟಿದರೆ ಸಂಖ್ಯೆಗಳು ಹಾರುವ ಕ್ರಮವೇ ತಿರುಗುಮುರುಗು. ಈ ಲೆಕ್ಕದಲ್ಲಿ ಇಪ್ಪತ್ತು ವರ್ಷಕ್ಕೊಂದು ಅವಧಿ. ನಮ್ಮ ಬ್ಲಾಕ್ ಮುಗಿದದ್ದು 2012ರಲ್ಲಿ, ಅಂದರೆ 2004ರಿಂದ 2024ರ ಫೆಬ್ರವರಿಯವರೆಗೆ ನಡೆದ ಎಂಟನೆಯ ಅವಧಿಯಲ್ಲಿ. ಆ ಅವಧಿಗೆ 176 ಹಿಡಿದರೆ ಪೂರ್ವದ ಕೋಣೆಗೆ 2 ಮತ್ತು 5 ಒಟ್ಟಿಗೆ ಬರುತ್ತವೆ. ಇದು ಕಾಯಿಲೆಯ ಜೋಡಿ, ಈ ಶಾಸ್ತ್ರದವರು ಬಹಳ ಹೆದರುವ ಜೋಡಿ. ಗೇಟಿನ 168 ಹಿಡಿದಿದ್ದರೆ ಅದೇ ಕೋಣೆಗೆ 6 ಮತ್ತು 1, ಅದು ಒಳ್ಳೆಯ ಜೋಡಿ. ಫೋನ್ ಹಿಡಿದು ಬಾಗಿಲಲ್ಲಿ ನಿಂತು ಐದು ನಿಮಿಷದಲ್ಲಿ ಹೇಳಿ ಹೋಗುವವರಿಗೆ ದುಡ್ಡು ಕೊಡಬೇಡಿ ಅನ್ನುವುದು ಇದಕ್ಕೇ.

ಇನ್ನೊಂದು ಸೂಕ್ಷ್ಮವನ್ನೂ ಅವರಾಗಿಯೇ ಹೇಳಿದರು. ನಾವು ಈ ಮನೆಗೆ ಬಂದದ್ದು 2024ರ ಮಧ್ಯದಲ್ಲಿ, ಒಂಬತ್ತನೆಯ ಅವಧಿ ಶುರುವಾದ ಮೇಲೆ. ಕೆಲವು ಮಾಸ್ಟರ್‌ಗಳು ಮನೆ ಸೇರಿದ ದಿನವನ್ನೇ ಹಿಡಿಯುತ್ತಾರೆ. ಆಗ ಪೂರ್ವಕ್ಕೆ 7 ಮತ್ತು 2 ಬರುತ್ತವೆ, 5 ಅಲ್ಲಿರುವುದೇ ಇಲ್ಲ. "ನಾನು ಕಟ್ಟಡ ಮುಗಿದ ವರ್ಷವನ್ನೇ ಹಿಡಿಯುತ್ತೇನೆ, ಬೇರೆಯವರು ಬೇರೆ ಹೇಳಿದರೆ ಗಾಬರಿ ಆಗಬೇಡಿ" ಅಂದರು. ತನ್ನ ವಿದ್ಯೆಯೊಳಗಿನ ಜಗಳವನ್ನು ಗಿರಾಕಿಯ ಮುಂದೆ ಹೀಗೆ ಬಿಚ್ಚಿಡುವವರು ಕಡಿಮೆ. ನನಗೆ ಅವರ ಮೇಲೆ ಗೌರವ ಬಂದದ್ದು ಆಗಲೇ.

ಪೂರ್ವದ ಆ ಕೋಣೆ ನಮ್ಮ ಮಗಳದು. ಅಷ್ಟ ಭವನದ ಪ್ರಕಾರ ಉತ್ತರಕ್ಕೆ ಬೆನ್ನು ಕೊಟ್ಟ ನಮ್ಮಂಥ ಮನೆಗೆ ಪೂರ್ವ ಅಂದರೆ ತಿಯಾನ್ ಯಿ, ಆರೋಗ್ಯದ ಸ್ಥಾನ. 2013ರಲ್ಲಿ ಹುಟ್ಟಿದ ಅವಳ ಕುವಾ 1, ಅದಕ್ಕೂ ಪೂರ್ವ ಆರೋಗ್ಯದ ದಿಕ್ಕೇ. ಒಂದು ಪದ್ಧತಿ ಆರೋಗ್ಯ ಅನ್ನುವ ಜಾಗವನ್ನೇ ಇನ್ನೊಂದು ಕಾಯಿಲೆ ಅನ್ನುತ್ತಿದೆ. ತಾಯಿಯಾದವಳಿಗೆ ಇದನ್ನು ಕೇಳಿ ಸುಮ್ನೆ ಕೂರಲು ಆಗುತ್ತಾ?

ಇಲ್ಲಿ ಅವರ ಸಾಲು ಕೆಲಸಕ್ಕೆ ಬಂತು. ಕೋಣೆಯನ್ನು ಹಾರುವ ನಕ್ಷತ್ರ ನಿರ್ಧರಿಸಬೇಕು, ಹಾಗಾಗಿ ಅವಳನ್ನು ಪೂರ್ವದಿಂದ ಎಬ್ಬಿಸಿ ಈಶಾನ್ಯದ ಕೋಣೆಗೆ ಕಳಿಸಿ ಅಂದರು. ಅಲ್ಲಿ ಇರುವುದು 7 ಮತ್ತು 9. ಅದೂ ಹೇಳಿಕೊಳ್ಳುವಂಥ ಜಾಗ ಅಲ್ಲ, ಆದರೆ 2 ಮತ್ತು 5ಕ್ಕಿಂತ ಎಷ್ಟೋ ವಾಸಿ ಅಂತ ಅವರೇ ಒಪ್ಪಿಕೊಂಡರು. ಅಷ್ಟ ಭವನದಲ್ಲಿ ಅವಳಿಗೆ ಈಶಾನ್ಯ ಕೆಟ್ಟ ದಿಕ್ಕು. ಅದಕ್ಕೆ ಆ ಕೋಣೆಯಲ್ಲಿ ಮಂಚದ ತಲೆ ಪೂರ್ವಕ್ಕೆ ಇರಲಿ, ಓದುವ ಮೇಜೂ ಪೂರ್ವಕ್ಕೇ ಮುಖ ಮಾಡಲಿ ಅಂದರು. ಆದರೆ ಈಗಲೇ ಬೇಡ. ಮನೆಯ ಸಂಖ್ಯೆಗಳ ಜೊತೆಗೆ ವರ್ಷ ವರ್ಷ ಜಾಗ ಬದಲಿಸುವ ಸಂಖ್ಯೆಗಳೂ ಇವೆ, 2025ರಲ್ಲಿ ಅವುಗಳಲ್ಲಿನ ಕೆಟ್ಟ 5 ಈಶಾನ್ಯದಲ್ಲಿತ್ತು. 2026ರ ಫೆಬ್ರವರಿ 4ರ ಹೊತ್ತಿಗೆ ಅದು ದಕ್ಷಿಣಕ್ಕೆ ಹೋಗಿ, ಈಶಾನ್ಯಕ್ಕೆ ಓದಿನ ಸಂಖ್ಯೆಯಾದ 4 ಬರುತ್ತದೆ, ಆಮೇಲೆ ಕೋಣೆ ಬದಲಿಸಿ ಅಂದರು. ಹಾಗೇ ಮಾಡಿದೆವು. ಪೂರ್ವದ ಕೋಣೆ ಈಗ ಪೆಟ್ಟಿಗೆ, ಇಸ್ತ್ರಿ ಮೇಜು ಇಡುವ ಜಾಗ. ಶಿವಮೊಗ್ಗದಲ್ಲಿರುವ ನಮ್ಮ ಮಾವನಿಗೆ ಫೋನಿನಲ್ಲಿ ಹೇಳಿದಾಗ, "ಮಗು ಪೂರ್ವಕ್ಕೆ ತಲೆ ಹಾಕಿ ಮಲಗ್ತಾಳೆ ಅಂದ್ಮೇಲೆ ಸರಿಯಾಗೇ ಹೇಳಿದಾನೆ ಬಿಡಮ್ಮ" ಅಂದರು. ಓದುವ ಮಕ್ಕಳಿಗೆ ಪೂರ್ವ ಒಳ್ಳೆಯದು ಅನ್ನುವುದು ನಮ್ಮ ವಾಸ್ತುವಿನಲ್ಲೂ ಇದೆಯಲ್ಲ.

ನಮ್ಮ ಮಲಗುವ ಕೋಣೆಯಲ್ಲಿ ವಾಸ್ತು ನಿಜವಾಗಿ ಅಡ್ಡ ಬಂತು. 1981ರಲ್ಲಿ ಹುಟ್ಟಿದ ನನ್ನ ಗಂಡನ ಕುವಾ 1, 1984ರಲ್ಲಿ ಹುಟ್ಟಿದ ನನ್ನದು 8. ಅವರು ಪೂರ್ವ ಗುಂಪು, ನಾನು ಪಶ್ಚಿಮ ಗುಂಪು. ಅವರಿಗೆ ಒಳ್ಳೆಯ ನಾಲ್ಕು ದಿಕ್ಕೂ ನನಗೆ ಕೆಟ್ಟವು. ಮಾಸ್ಟರ್ ಮತ್ತೆ ಆಕಾರದಿಂದ ಶುರು ಮಾಡಿದರು. ಒಂದು ಗೋಡೆಯ ಆಚೆ ಬಚ್ಚಲು, ಮಂಚದ ತಲೆ ಅಲ್ಲಿ ಬೇಡ. ಇನ್ನೊಂದು ಪೂರ್ತಿ ಕಿಟಕಿ. ಉಳಿದ ಎರಡರಲ್ಲಿ ಗಟ್ಟಿಯಾದದ್ದು ಉತ್ತರದ ಗೋಡೆ, ತಲೆ ಅಲ್ಲಿ ಹಾಕಿ ಅಂದರು. ಉತ್ತರಕ್ಕೆ ತಲೆ ಹಾಕಿ ಮಲಗುವುದಾ! ನಾನು ಆಗಲ್ಲ ಅಂತ ನೇರ ಹೇಳಿದೆ. ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಇದು ಗೊತ್ತು ಅಂದೆ.

ಅವರು ವಾದ ಮಾಡಲಿಲ್ಲ. "ನಿಮಗೆ ಅಲ್ಲಿ ಭಯದಲ್ಲೇ ನಿದ್ದೆ ಬರಲ್ಲ. ನಿದ್ದೆ ಬಾರದ ಜಾಗ ಒಳ್ಳೆಯದು ಅಂತ ನಾನು ಹೇಗೆ ಹೇಳಲಿ?" ಅಂದು ಪೂರ್ವದ ಗೋಡೆಗೆ ಒಪ್ಪಿದರು. ಅದು ನನ್ನ ಗಂಡನಿಗೆ ಆರೋಗ್ಯದ ದಿಕ್ಕು. ನನಗೆ ಒಳ್ಳೆಯದಲ್ಲ, ಆದರೆ ನನ್ನ ದಿಕ್ಕಿನದೆಲ್ಲ ಬಚ್ಚಲು ಇಲ್ಲವೇ ಬೀರು. ನನಗೆ ಬೇಕಾದ ದಿಕ್ಕನ್ನು ಆಫೀಸ್ ಕೆಲಸದ ಮೇಜಿಗೆ ಕೊಟ್ಟರು, ನೈಋತ್ಯಕ್ಕೆ ಮುಖ. ಬೇರೆ ನಂಬಿಕೆಯ ಮನೆಯಲ್ಲಿ ಹೇಗೆ ನಡೆದುಕೊಳ್ಳಬೇಕು ಅನ್ನುವುದು ಗೊತ್ತಿರುವ ಮನುಷ್ಯ.

ಅಡುಗೆಮನೆ ಬೇಗ ಮುಗಿಯಿತು. ವಾಸ್ತುವಿಗೆ ಒಲೆ ಆಗ್ನೇಯದಲ್ಲಿ ಬೇಕು, ನಮ್ಮದು ಪಶ್ಚಿಮದಲ್ಲಿದೆ, ಅದು ನನಗೆ ಮೊದಲಿಂದ ಒಂದು ಕೊರಗು. ಅಷ್ಟ ಭವನದಲ್ಲಿ ಒಲೆ ಮನೆಯ ಕೆಟ್ಟ ಭಾಗವನ್ನು ಅದುಮಿ ಕೂರಬೇಕು, ನಮ್ಮ ಮನೆಗೆ ಪಶ್ಚಿಮ ಅಂಥದೇ ಭಾಗ. ಒಂದು ಅನುಮಾನ ಮಾತ್ರ ಉಳಿದಿತ್ತು. ನಕ್ಷೆಯನ್ನು ಒಂಬತ್ತು ಚೌಕ ಮಾಡಿದರೆ ಅಡುಗೆಮನೆ ಪಶ್ಚಿಮದಲ್ಲಿ, ನಡುವಿನಿಂದ ಎಂಟು ಹೋಳು ಮಾಡಿದರೆ ಅದರ ಒಂದು ಮೂಲೆ ವಾಯವ್ಯಕ್ಕೆ ಹೋಗುತ್ತದೆ. ವಾಯವ್ಯದಲ್ಲಿ ಬೆಂಕಿ ಇದ್ದರೆ ಸ್ವರ್ಗದ ಬಾಗಿಲಿಗೆ ಬೆಂಕಿ ಅಂತ ದೊಡ್ಡ ದೋಷ. ಎರಡೂ ರೀತಿ ಗೆರೆ ಎಳೆದು, ಒಲೆ ಎರಡರಲ್ಲೂ ಪಶ್ಚಿಮದಲ್ಲೇ ಇದೆ, ಮೂಲೆಯಲ್ಲಿರುವುದು ಫ್ರಿಜ್ ಅಂತ ತೋರಿಸಿದರು.

ಮನೆ ಒಡೆಯುವ ಮಾತು ಎಲ್ಲೂ ಬರಲಿಲ್ಲ. ಫ್ಲ್ಯಾಟಿನೊಳಗಿನ ಬಾಂಬ್ ಶೆಲ್ಟರ್ ಗೋಡೆ ತೆಗೆಯಿರಿ ಅನ್ನುವವರು ಎಚ್‌ಡಿಬಿ ಮನೆಗೆ ಏನೂ ಪ್ರಯೋಜನವಿಲ್ಲ, ಅದಕ್ಕೆ ಅನುಮತಿಯೇ ಸಿಗುವುದಿಲ್ಲ. ಊರಲ್ಲಿ ಫೆಂಗ್ ಶೂಯಿ ಅಂದರೆ ನಗುವ ಬುದ್ಧ, ಮೂರು ಕಾಲಿನ ಕಪ್ಪೆ, ಬಾಗಿಲಿಂದ ಎಡಗಡೆಯ ದೂರದ ಮೂಲೆ ದುಡ್ಡಿನ ಮೂಲೆ ಅಂತ ನಾವು ಕೇಳಿದ್ದೇವೆ. ಆ ಮೂಲೆ ಲೆಕ್ಕದಲ್ಲಿ ದಿಕ್ಸೂಚಿಯೇ ಇಲ್ಲ. ನಾಲ್ಕು ಸೇರಿಸುವವರು ಅದನ್ನು ಐದನೆಯದಾಗಿ ತುರುಕಲಿಲ್ಲ ಅನ್ನುವುದೂ ನನಗೆ ಸಮಾಧಾನ.

ಪೂರ್ವದ 2 ಮತ್ತು 5ಕ್ಕೆ ಲೋಹ ಬೇಕು ಅಂದರು. ಎರಡೂ ಮಣ್ಣಿನ ಸಂಖ್ಯೆ, ಮಣ್ಣಿನ ಶಕ್ತಿಯನ್ನು ಲೋಹ ಹೀರುತ್ತದೆ ಅನ್ನುವುದು ಅವರ ಲೆಕ್ಕ. ಇಲ್ಲಿ ನನ್ನ ಮೊದಲ ದೂರು. ಬ್ಯಾಗಿಂದ ಒಂದು ಕ್ಯಾಟಲಾಗ್ ಹೊರಬಂತು, ಲೋಹದ ಸೋರೆಬುರುಡೆ 88 ಡಾಲರ್‌ನಿಂದ ಶುರು. ಸಲಹೆ ಕೊಡುವವರೇ ಸಾಮಾನು ಮಾರಬಾರದು. ನಾನು ಅಮ್ಮ ಕೊಟ್ಟ ಹಿತ್ತಾಳೆ ಬಿಂದಿಗೆ ತಂದು ಇದು ನಡೆಯುತ್ತಾ ಅಂತ ಕೇಳಿದೆ. ಎರಡು ಕೈಯಲ್ಲಿ ಎತ್ತಿ ಭಾರ ನೋಡಿದರು, ಬೆರಳಿನಿಂದ ತಟ್ಟಿ ಸದ್ದು ಕೇಳಿದರು, ಇದು ಸಾಕು ಅಂದರು. ಆದರೆ ಆ ಕೋಣೆಯಲ್ಲಿ ದೀಪ ಹಚ್ಚಬೇಡಿ, ಬೆಂಕಿ ಮಣ್ಣನ್ನು ಬೆಳೆಸುತ್ತೆ ಅಂತ ಸೇರಿಸಿದರು. ಕೇಳಿದ್ದಕ್ಕೆ ಪ್ರಾಮಾಣಿಕವಾಗಿ ಹೇಳಿದರು. ಕೇಳದವರು 88 ಡಾಲರ್ ಕೊಟ್ಟಿರುತ್ತಾರೆ.

ಬಾಝಿ ಭಾಗಕ್ಕೆ ಊರಿನ ಹೆಸರು ಬೇಕಿತ್ತು. ನಾನು ಹುಟ್ಟಿದ್ದು ಶಿವಮೊಗ್ಗದಲ್ಲಿ ಬೆಳಗ್ಗೆ 7:10ಕ್ಕೆ. ಭಾರತದ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ಶಿವಮೊಗ್ಗ ಅದಕ್ಕಿಂತ ಸುಮಾರು 7 ಡಿಗ್ರಿ ಪಶ್ಚಿಮ. ಡಿಗ್ರಿಗೆ 4 ನಿಮಿಷದಂತೆ 28 ನಿಮಿಷ ಕಳೆಯಬೇಕು. ಬಾಝಿಯಲ್ಲಿ ಎರಡೆರಡು ಗಂಟೆಗೆ ಒಂದು ಗಳಿಗೆ, 7ಕ್ಕೆ ಗಳಿಗೆ ಬದಲಾಗುತ್ತದೆ. ಹೀಗೆ ನನ್ನ ಗಳಿಗೆ ಹಿಂದಿನದಾಯಿತು. ಇಷ್ಟು ಎಚ್ಚರಿಕೆಯಿಂದ ಲೆಕ್ಕ ಹಾಕಿದವರು ಅದರಿಂದ ತೆಗೆದದ್ದು ಮಾತ್ರ ಬಹಳ ತೆಳು. ಹಸಿರು ಬಣ್ಣ ಒಳ್ಳೆಯದು, ಕಪ್ಪು ಕಡಿಮೆ ಮಾಡಿ, ತಾಳ್ಮೆ ಇರಲಿ. ಯಾರಿಗಾದರೂ ಹೇಳಬಹುದಾದ ಮಾತು. ಮನೆಯ ಪರೀಕ್ಷೆಗೆ ಇದರಿಂದ ಒಂದು ಕುರ್ಚಿಯೂ ಸರಿಯಲಿಲ್ಲ.

ವರದಿ ನನಗೆ ನಿಜವಾಗಿ ಬೇಸರ ತಂದಿತು. ಒಂದು ಪುಟದಲ್ಲಿ ನಿಮ್ಮ ಹಿತ್ತಲಿನ ತೋಟದಲ್ಲಿ ನೀರು ಇಡಿ ಅಂತಿದೆ. ನಮಗೆ ಹಿತ್ತಲೆಲ್ಲಿದೆ? ಬೇರೆ ಯಾರದೋ ಬಂಗಲೆಯ ವರದಿಯಿಂದ ಎತ್ತಿ ಹಾಕಿದ್ದು. ಮನೆಯಲ್ಲಿ ಅಷ್ಟು ಶ್ರದ್ಧೆಯಿಂದ ಅಳೆದವರು ಬರೆಯುವಾಗ ಹೀಗೆ ಮಾಡಿದರೆ ನೋವಾಗುತ್ತದೆ. ಹೇಳಿದ ಮೇಲೆ ಎರಡೇ ದಿನದಲ್ಲಿ ತಿದ್ದಿ ಕಳಿಸಿದರು, ಕ್ಷಮೆಯನ್ನೂ ಕೇಳಿದರು. ಯಾವ ಸಲಹೆ ಯಾವ ಪದ್ಧತಿಯಿಂದ ಬಂತು ಅಂತ ವರದಿಯಲ್ಲಿ ಬರೆದಿರಲಿಲ್ಲ. ಅದನ್ನೂ ಕೇಳಿ ಹಾಕಿಸಿಕೊಂಡೆ. ನೀವು ಮಾಡಿಸುವುದಾದರೆ ಮೊದಲೇ ಕೇಳಿಬಿಡಿ, ಬಾಯಲ್ಲಿ ಹೇಳಿದ್ದು ತಿಂಗಳು ಕಳೆದರೆ ಎಲ್ಲ ಕಲಸಿಹೋಗುತ್ತದೆ.

ಇದರಿಂದ ಆರೋಗ್ಯ, ದುಡ್ಡು ಬಂತು ಅಂತ ನಾನು ಬರೆಯುವುದಿಲ್ಲ. ಸಂಖ್ಯೆಗಳ ಈ ಲೆಕ್ಕಕ್ಕೆ ವೈಜ್ಞಾನಿಕ ಪುರಾವೆ ಇಲ್ಲ, ವಾಸ್ತುವಿಗೂ ಇಲ್ಲ. ನನಗೆ ಎರಡರ ಮೇಲೂ ಪ್ರೀತಿ ಇದೆ. ಮಳೆ ಸೋಫಾಗೆ ಬಡಿಯುವುದು ನಿಂತಿದೆಯೋ ಇಲ್ಲವೋ ಈ ಜೂನ್‌ನಲ್ಲಿ ಗೊತ್ತಾಗುತ್ತದೆ. ಮಗಳಿಗೆ ಹೊಸ ಕೋಣೆಯಲ್ಲಿ ಬೆಳಗಿನ ಬೆಳಕು ಚೆನ್ನಾಗಿ ಬರುತ್ತಿದೆ, ಅದು ಈಗಲೇ ಕಾಣುತ್ತಿದೆ.

ವರ್ಷ ವರ್ಷ ಬಂದು ನೋಡುವ ಪ್ಯಾಕೇಜ್ ಕೂಡ ಕೊಟ್ಟರು, ಅದು ಬೇಡ ಅಂದೆ. ವರ್ಷದ ಸಂಖ್ಯೆಗಳು ಎಲ್ಲ ಮನೆಗೂ ಒಂದೇ, ಸ್ವಲ್ಪ ಕಲಿತರೆ ಬೆರಳಲ್ಲೇ ಎಣಿಸಬಹುದು. 2026ರಲ್ಲಿ 5 ದಕ್ಷಿಣದಲ್ಲಿದೆ, ಆ ಕಡೆ ಗೋಡೆ ಕೊರೆಯುವ ಕೆಲಸ ಇಟ್ಟುಕೊಳ್ಳಬೇಡಿ ಅನ್ನುವುದನ್ನು ಅವರು ಹೇಗೂ ಹೇಳಿ ಹೋಗಿದ್ದಾರೆ. ಮನೆ ಬದಲಿಸಿದರೆ ಮತ್ತೆ ಇವರನ್ನೇ ಕರೆಯುತ್ತೇನೆ. ಬಾಝಿ ಬಿಟ್ಟು ಉಳಿದ ಮೂರಕ್ಕೆ ಮಾತ್ರ ಎಷ್ಟಾಗುತ್ತದೆ ಅಂತ ಮೊದಲು ಕೇಳುತ್ತೇನೆ.